ತಟ್ಟೆ ಒಡೆಯಲು ಹಗುರ ತೋಟಾ ಸಾಕು

ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ತೋಟದ ಮನೆಗಳಲ್ಲಿ ಜೋಡುನಳಿಗೆ ಕೋವಿ ಇನ್ನೂ ಇದೆ. ಆ ಮನೆಯವರು ಕ್ಲೇ ಶೂಟಿಂಗ್, ಅಂದರೆ ಗಾಳಿಯಲ್ಲಿ ಹಾರಿಸಿದ ತಟ್ಟೆಗೆ ಹೊಡೆಯುವ ಆಟ, ಕಲಿಯಲು ಹೊರಟರೆ ಕೈ ಮೊದಲು ಹೋಗುವುದು ಹಂದಿ ಬೆದರಿಸಲು ತಂದಿಟ್ಟ ತೋಟಾದ (ಕಾರ್ಟ್ರಿಜ್) ಪೆಟ್ಟಿಗೆಗೆ. ಅದನ್ನು ಅಲ್ಲೇ ಬಿಡಿ. ಆ ಪೆಟ್ಟಿಗೆಯ ಎಲ್‌ಜಿ ಎಂಬ ಬಗೆಯ ತೋಟಾದಲ್ಲಿ ಇರುವುದು ಬೆರಳೆಣಿಕೆಯ ದಪ್ಪ ಗುಂಡು. ಹಾರುವ ತಟ್ಟೆಗೆ ಬೇಕಾದದ್ದು ಸಣ್ಣ ಚರೆ, ಅಂದರೆ ಸೀಸದ ಕಾಳು, ಅದೂ ಕಡಿಮೆ ತೂಕದಲ್ಲಿ.

ಮೊದಲು ಕೋವಿ ನೋಡಿ. ತೋಟಾ ಕೂರುವ ಜಾಗದ ಉದ್ದ ನಳಿಗೆಯ ಬುಡದಲ್ಲಿ ಕೊರೆದಿರುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗ ಸಿಗುವ ಬಹಳಷ್ಟು ತೋಟಾ 70 ಮಿ.ಮೀ. ಸುಲಭವಾಗಿ ಒಳಗೆ ಕೂತಿತು ಅಂತ ಹೊಡೆಯಬೇಡಿ. ಈಡು ಹಾರುವಾಗ ತೋಟಾದ ಮಡಿಚಿದ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಬಳ್ಳಿಯಂಥ ಗೆರೆಗಳಿರುವ ಡಮಾಸ್ಕಸ್ ಕೋವಿ ಆಗಿದ್ದರೆ ಹೊಡೆಯಲೇಬೇಡಿ, ಅದು ಗೋಡೆಯ ಮೇಲೇ ಚೆಂದ.

ಇನ್ನು ತೂಕ. ತಟ್ಟೆ ಒಡೆಯುವ ಒಲಿಂಪಿಕ್ ಸ್ಪರ್ಧೆಗಳಾದ ಟ್ರ್ಯಾಪ್ ಮತ್ತು ಸ್ಕೀಟ್‌ನಲ್ಲಿ ಬಳಸುವುದು 24 ಗ್ರಾಂ ಚರೆಯ ತೋಟಾ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಒಟ್ಟಿಗೆ ಎರಡು ತಟ್ಟೆ ಹಾರಿಸುವ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದದ್ದೂ ಇಂಥ ಹಗುರ ತೋಟಾದಿಂದಲೇ. ಅಷ್ಟು ದೊಡ್ಡವರಿಗೆ ಸಾಕಾದದ್ದು ನಮಗೆ ಸಾಲದೇ? 2.4 ಮಿ.ಮೀ. ದಪ್ಪದ ಏಳೂವರೆ ನಂಬರ್ ಚರೆಯಾದರೆ 24 ಗ್ರಾಂನಲ್ಲಿ ಸುಮಾರು 300 ಕಾಳು ಬರುತ್ತವೆ. ತಟ್ಟೆ 11 ಸೆಂ.ಮೀ. ಅಗಲ. ಹೆಸರಿಗೆ ಮಣ್ಣಿನದು, ನಿಜದಲ್ಲಿ ಸುಣ್ಣಕಲ್ಲಿನ ಪುಡಿ ಮತ್ತು ರಾಳದಂಥ ಅಂಟು. ಎರಡು ಮೂರು ಕಾಳು ಸರಿಯಾಗಿ ತಗುಲಿದರೆ ಒಡೆಯುತ್ತದೆ. ಹತ್ತಿರದ ಸ್ಕೀಟ್‌ಗೆ ಇನ್ನೂ ಸಣ್ಣ ಒಂಬತ್ತು ನಂಬರ್ ಚೆನ್ನ. ದೂರ ಓಡುವ ಟ್ರ್ಯಾಪ್ ತಟ್ಟೆಗೆ ಏಳೂವರೆ.

ಹಗುರ ತೋಟಾದ ದೊಡ್ಡ ಲಾಭ ಭುಜಕ್ಕೆ. 36 ಗ್ರಾಂ ಹೊಡೆದರೆ ಕೆಲವೇ ಈಡಿಗೆ ಮೈ ಬೆದರುತ್ತದೆ. ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ತಟ್ಟೆಯ ಜೊತೆ ತಿರುಗುತ್ತಿದ್ದ ಕೋವಿ ನಿಂತುಬಿಡುತ್ತದೆ, ಚರೆ ತಟ್ಟೆಯ ಹಿಂದೆ ಹೋಗುತ್ತದೆ. ಒಮ್ಮೆ ಅಂಟಿದ ಈ ಚಾಳಿ ಬಿಡಿಸುವುದು ಬಹಳ ಕಷ್ಟ. ಒಂದು ಸುತ್ತಿಗೆ 25 ತಟ್ಟೆ, ಒಂದು ಪೆಟ್ಟಿಗೆಗೆ 25 ತೋಟಾ. ಸೀಸ ಕಡಿಮೆಯಾದಷ್ಟು ಸಾಮಾನ್ಯವಾಗಿ ಖರ್ಚೂ ಇಳಿಯುತ್ತದೆ.

ಖರ್ಚು ಉಳಿಸಲು ಖಾಲಿ ತೋಟಾವನ್ನು ಮನೆಯಲ್ಲೇ ತುಂಬೋಣ ಅನ್ನಿಸಬಹುದು. ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಹಾಸನ, ಚಿಕ್ಕಮಗಳೂರಿನ ನಮಗೆ ಅದಿಲ್ಲ. ಎಷ್ಟು ತೋಟಾ ಕೊಳ್ಳಬಹುದು, ಕೋವಿ ಬೆಳೆ ರಕ್ಷಣೆಗೋ ಕ್ರೀಡೆಗೋ ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ಓದಿಕೊಂಡೇ ಅಂಗಡಿಗೆ ಹೋಗಿ. ಹೊಡೆಯುವುದೂ ಪರವಾನಗಿ ಇರುವ ರೇಂಜ್‌ನಲ್ಲಿ ಮಾತ್ರ. ಸಣ್ಣ ಚರೆಯೂ 200 ಮೀಟರ್ ಹತ್ತಿರ ಹೋಗಿ ಬೀಳುತ್ತದೆ. ಕಾಫಿ ಗಿಡದ ಮರೆಯಲ್ಲಿ ಯಾರು ಬಾಗಿ ಕೆಲಸ ಮಾಡುತ್ತಿರುತ್ತಾರೋ ಕಾಣುವುದಿಲ್ಲ, ಅಲ್ವಾ?

ಹೊಡೆಯುವಾಗ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಇರಲಿ. ಈಡು ಹಾರದಿದ್ದರೆ ಕೋವಿ ತೆರೆಯಬೇಡಿ. ಗುರಿಯ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಸದ್ದು ಫುಸ್ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ತೋಟಾ ತೆಗೆದು ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡಿ. ಒಳಗೆ ವಾಡ್ (ಮದ್ದಿಗೂ ಚರೆಗೂ ನಡುವಿನ ಅಡಕ) ಸಿಕ್ಕಿಕೊಂಡಿದ್ದರೆ ಮುಂದಿನ ಈಡಿಗೆ ನಳಿಗೆ ಸಿಡಿಯಬಹುದು. 20 ಬೋರ್ ತೋಟಾವನ್ನು 12 ಬೋರ್ ಜೊತೆ ಒಂದೇ ಜೇಬಿನಲ್ಲಿ ಇಡಲೇಬೇಡಿ. 20 ಬೋರ್‌ನದು ಸಪೂರ, 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆ ಎಂದುಕೊಂಡು ಹಿಂದಿನಿಂದ 12 ಬೋರ್ ಹಾಕಿ ಹೊಡೆದರೆ ಕೈಯೇ ಹೋದೀತು. ಅದಕ್ಕೇ 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುತ್ತಾರೆ.

ನಮ್ಮ ಮಳೆಗಾಲಕ್ಕೆ ತೋಟಾದ ಹಿತ್ತಾಳೆ ಬುಡ ಬೇಗ ಹಸಿರುಗಟ್ಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕೋವಿಯಿಂದ ಬೇರೆ ಕಡೆ ಬೀಗ ಹಾಕಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡಬೇಡಿ. ಹಸಿರುಗಟ್ಟಿದ, ಊದಿದ ತೋಟಾ ಸಿಕ್ಕರೆ ಒರೆಸಿ ಬಳಸದೆ ಡೀಲರ್‌ಗೆ ತೋರಿಸಿ.