ಫ್ಲೆಕ್ಸ್‌ನಲ್ಲಿ ಕನ್ನಡ ಒತ್ತಕ್ಷರ ಒಡೆಯದಿರಲು

ಗಣೇಶೋತ್ಸವ, ರಾಜ್ಯೋತ್ಸವಕ್ಕೆ ಫ್ಲೆಕ್ಸ್ ನೀವೇ ಮಾಡಿಕೊಳ್ಳುವುದಾದರೆ ಇಂಕ್‌ಸ್ಕೇಪ್ ಎಂಬ ವಿನ್ಯಾಸದ ಸಾಫ್ಟ್‌ವೇರ್ ಸಾಕು, ಪೂರ್ತಿ ಉಚಿತ. ಫಾಂಟ್‌ಗೆ ಬಾಲೂ ತಮ್ಮ (ಶೀರ್ಷಿಕೆಗೆ ದಪ್ಪಗೆ ಚೆನ್ನ) ಅಥವಾ ನೋಟೋ ಸಾನ್ಸ್ ಕನ್ನಡ ಇಳಿಸಿಕೊಳ್ಳಿ. ಎರಡೂ ಯೂನಿಕೋಡ್ (ಎಲ್ಲೆಡೆ ಒಂದೇ ಆಗಿರುವ ಅಕ್ಷರ ಸಂಕೇತ), ಎರಡಕ್ಕೂ ದುಡ್ಡಿಲ್ಲ.

ಮೊದಲು 'ಶಾಸ್ತ್ರ', 'ಕಾರ್ಯಕ್ರಮ' ಎಂದು ಟೈಪ್ ಮಾಡಿ ನೋಡಿ. ಒತ್ತು, ಅರ್ಕಾವತ್ತು ಸರಿಯಾಗಿ ಕೂತರೆ ಮುಂದುವರಿಯಿರಿ. ಸಾಲಿನ ಅಂತರ 1.4ಕ್ಕಿಂತ ಕಡಿಮೆ ಬೇಡ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರವನ್ನಂತೂ ಮುಟ್ಟಲೇಬೇಡಿ.

ನಿಜವಾದ ತಲೆನೋವು ಪ್ರೆಸ್‌ನಲ್ಲಿ. ಅಲ್ಲಿನ ಹಳೆಯ ಸಾಫ್ಟ್‌ವೇರ್‌ಗೆ ಯೂನಿಕೋಡ್ ಕನ್ನಡ ಜೋಡಿಸಲು ಬಾರದಿದ್ದರೆ, ಅಥವಾ ನಿಮ್ಮ ಫಾಂಟ್ ಇಲ್ಲದಿದ್ದರೆ, 'ಶಾಸ್ತ್ರ' ಹೋಗಿ 'ಶಾಸ್‌ತ್‌ರ' ಆಗುತ್ತದೆ. ಅದಕ್ಕೇ ಕಳಿಸುವ ಮುನ್ನ ಎಲ್ಲ ಅಕ್ಷರ ಆಯ್ದು, ಪಾಥ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾಥ್' ಒತ್ತಿ. ಅಕ್ಷರಗಳು ಚಿತ್ರರೇಖೆಗಳಾಗುತ್ತವೆ, ಫಾಂಟ್ ಬೇಕಾಗುವುದಿಲ್ಲ. ಆದರೆ ಆಮೇಲೆ ಕಾಗುಣಿತ ತಿದ್ದಲಾಗದು; ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡಿರಿ.

ಫೋಟೋ ಲೆಕ್ಕ: ಫ್ಲೆಕ್ಸ್‌ನಲ್ಲಿ ಒಂದಡಿ ಅಗಲ ಬರುವ ಫೋಟೋ 100 ಡಿಪಿಐಗೆ (ಇಂಚಿಗೆ 100 ಚುಕ್ಕಿ) 1200 ಪಿಕ್ಸೆಲ್ ಅಗಲವಿರಬೇಕು. ಫೋಟೋ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿಯೇ ಕಳಿಸಲು ಹೇಳಿ, ಮಾಮೂಲಿ ಹಾಗೆ ಕಳಿಸಿದರೆ ಕುಗ್ಗಿ ಬರುತ್ತದೆ. ಪ್ರೆಸ್‌ಗೆ ಪಿಡಿಎಫ್ ಕೊಡಿ. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ಮುದ್ರಣದಲ್ಲಿ ಮಂಕಾಗುತ್ತದೆ. ಹಳದಿ ಮೇಲೆ ಕಡುಗೆಂಪು ಅಕ್ಷರ ದೂರಕ್ಕೂ ಕಾಣುತ್ತದೆ.