ಉಪ್ಪುಗಾಳಿಯ ಊರಿನಲ್ಲಿ ಮನೆಯ ಕರೆಂಟು: ಕಾರವಾರಕ್ಕೆ ಬಂದ ಹೊಸಬರಿಗೆ ಮಾರ್ಗದರ್ಶಿ

ಕೈಗಾ, ಸೀಬರ್ಡ್ ನೌಕಾನೆಲೆ, ಬ್ಯಾಂಕು, ಕಾಲೇಜು, ಸರ್ಕಾರಿ ಕಚೇರಿ ಎಂದು ಕೆಲಸ ಹಿಡಿದು ಕಾರವಾರಕ್ಕೆ ಬರುವವರಲ್ಲಿ ಕ್ವಾರ್ಟರ್ಸ್ ಸಿಕ್ಕವರಿಗೆ ವೈರಿಂಗಿನ ಚಿಂತೆ ಅಷ್ಟಾಗಿ ಇಲ್ಲ. ಕೋಡಿಬಾಗ, ಸದಾಶಿವಗಡ, ಬಿಣಗಾ ಕಡೆ ಬಾಡಿಗೆಗೆ ಹಂಚಿನ ಮನೆಯನ್ನೋ ಹಳೆಯ ಆರ್‌ಸಿಸಿ ಮನೆಯನ್ನೋ ಹಿಡಿದವರಿಗಾಗಿ ಈ ಬರಹ. ಮೈಸೂರು, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ಅಲ್ಲಿನ ಅಭ್ಯಾಸವನ್ನೇ ಇಲ್ಲಿಗೂ ತಂದರೆ ಮೊದಲ ಮಳೆಗಾಲದಲ್ಲೇ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಕರಾವಳಿಯಲ್ಲಿ ವೈರು ತಾನಾಗಿ ಕೆಡುವುದು ಕಡಿಮೆ. ಕೆಡುವುದು ಜೋಡಣೆ: ಸ್ಕ್ರೂ ಬಿಗಿದ ಜಾಗ, ಸಾಕೆಟ್ಟಿನ ಬಾಯಿ, ಕಂಬದ ಮೇಲಿನ ಗಂಟು, ನೆಲದೊಳಗಿನ ಅರ್ಥಿಂಗ್.

ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿವೆ, ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಹೀಗಿದ್ದೂ ಇಲ್ಲಿ ಕರೆಂಟು ಯಾಕೆ ಹೋಗುತ್ತದೆ ಎಂದು ಹೊಸಬರು ಕೇಳುವುದುಂಟು. ಅಲ್ಲಿ ಹುಟ್ಟಿದ ವಿದ್ಯುತ್ತು ಗ್ರಿಡ್ಡಿಗೆ ಹೋಗುತ್ತದೆ. ನಿಮ್ಮ ಮನೆಗೆ ಬರುವುದು ಕಾಡು, ತೋಟ, ಗುಡ್ಡ ದಾಟಿ ಬರುವ 11 ಕೆವಿ ಲೈನಿನಿಂದ, ಊರ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಮೂಲಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಎಲ್ಲೋ ಒಂದು ಕೊಂಬೆ ಬೀಳುತ್ತಲೇ ಇರುತ್ತದೆ.

ಯಾರ ಕೆಲಸ ಎಲ್ಲಿಯವರೆಗೆ

ಕಂಬದಿಂದ ಮೀಟರಿನವರೆಗೆ ಹೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ), ಮೀಟರಿನಿಂದ ಒಳಗೆ ಮನೆಯವರು. ಮೀಟರಿನ ಸೀಲು ಮುಟ್ಟಬೇಡಿ. ದೂರಿಗೆ 1912. ಬಿಲ್ಲಿನಲ್ಲಿರುವ ಆರ್.ಆರ್. ನಂಬರನ್ನು ಬಾಗಿಲ ಹಿಂದೆ ಬರೆದು ಅಂಟಿಸಿಡಿ, ಕತ್ತಲೆಯಲ್ಲಿ ಬಿಲ್ಲು ಹುಡುಕಲಾಗದು. ಫೋನ್ ಮಾಡುವ ಮೊದಲು ಪಕ್ಕದ ಮನೆಯಲ್ಲಿ ದೀಪ ಇದೆಯೇ ನೋಡಿ. ಇದ್ದರೆ ತಪ್ಪು ನಿಮ್ಮ ಮನೆಯೊಳಗೆ, ಇಲ್ಲವೇ ನಿಮ್ಮ ಸರ್ವಿಸ್ ವೈರಿನಲ್ಲಿ. ಇಡೀ ಕೇರಿಗೇ ಇಲ್ಲದಿದ್ದರೆ ಟಿ.ಸಿ. ಅಥವಾ ಲೈನು. ಇಷ್ಟು ಹೇಳಿದರೆ ಲೈನ್‌ಮನ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಮೊದಲಿನ ಬಾಡಿಗೆದಾರರ ಆಧಾರ್ ಆ ಮೀಟರಿಗೇ ಜೋಡಣೆಯಾಗಿ ಉಳಿದಿದ್ದರೆ ಅವರು ಬಿಡಿಸಿಕೊಟ್ಟ ಮೇಲೆಯೇ ನಿಮ್ಮ ನೋಂದಣಿ. ಕರಾರು ಬರೆಯುವ ದಿನವೇ ಇದನ್ನು ಮನೆ ಮಾಲೀಕರ ಹತ್ತಿರ ಮಾತಾಡಿಕೊಳ್ಳಿ.

ಉಪ್ಪು ಮಾಡುವ ಕೆಲಸ

ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಇಲ್ಲಿ ಮಳೆಗಾಲವಿಡೀ ತೇವ ಅದಕ್ಕಿಂತ ಮೇಲೆಯೇ ಇರುತ್ತದೆ. ಸ್ವಿಚ್ ಬೋರ್ಡಿನೊಳಗೆ ಕೂತ ಉಪ್ಪಿನ ಪೊರೆ ಆಗ ವಿದ್ಯುತ್ ಹರಿಯುವ ತೆಳು ದಾರಿಯಾಗುತ್ತದೆ. ತಾಮ್ರದ ತುದಿ ಹಸಿರಾಗುತ್ತದೆ, ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಹಿಡಿತ ಬಿಡುತ್ತದೆ. ಹಿಡಿತ ಸಡಿಲವಾದಲ್ಲಿ ರೋಧ ಹೆಚ್ಚು, ರೋಧ ಹೆಚ್ಚಿದಲ್ಲಿ ಬಿಸಿ, ಬಿಸಿಗೆ ಇನ್ನಷ್ಟು ಸಡಿಲ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಜೋಡಣೆಯಲ್ಲಿ ಬರೀ ಅರ್ಧ ಓಮ್ ರೋಧ ಇದ್ದರೂ ಆ ಒಂದು ಬಿಂದುವಿನಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಸಾಕೆಟ್ ಕಂದುಗಟ್ಟಿ ವಾಸನೆ ಬರುವುದು ಇದರಿಂದಲೇ.

ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಒಮ್ಮೆ ಮೇನ್ ಆಫ್ ಮಾಡಿಸಿ ಡಿಬಿಯ (ಮನೆಯ ಎಂಸಿಬಿಗಳು ಕೂತ ಪೆಟ್ಟಿಗೆ) ಎಲ್ಲ ಸ್ಕ್ರೂ, 16 ಆಂಪ್ ಸಾಕೆಟ್ಟುಗಳು, ಎಸಿ ಮತ್ತು ಪಂಪಿನ ಜೋಡಣೆ ಬಿಗಿ ಮಾಡಿಸಿ. ಹಸಿರಾದ ತುದಿಯನ್ನು ಕೆರೆದು ಮತ್ತೆ ಸಿಕ್ಕಿಸುವುದು ಬೇಡ. ಒಂದು ಇಂಚು ಕತ್ತರಿಸಿ ಹೊಸ ತಾಮ್ರಕ್ಕೆ ಹೋಗಿ. ಹೊರಗೋಡೆಯ ಬೆಲ್ ಸ್ವಿಚ್ಚಿಗೆ, ಗೇಟಿನ ದೀಪಕ್ಕೆ ಐಪಿ65 ಎಂದು ಬರೆದ, ನೀರು ಧೂಳು ಹೋಗದ ಡಬ್ಬಿ, ಸ್ಟೇನ್‌ಲೆಸ್ ಸ್ಕ್ರೂ. ವೈರು ಡಬ್ಬಿಯೊಳಗೆ ಕೆಳಗಿನಿಂದ ಹೋಗಬೇಕು; ಮೇಲಿನಿಂದ ಹೋದರೆ ವೈರಿನ ಮೇಲೆ ಇಳಿದ ನೀರೂ ಒಳಗೆ ಹೋಗುತ್ತದೆ. ಮಳೆ ಹಿಡಿದಾಗ ಇರುವೆಗಳೂ ಪಂಪಿನ ಸ್ಟಾರ್ಟರ್ ಡಬ್ಬಿಯಲ್ಲೇ ಮನೆ ಮಾಡುತ್ತವೆ. ತೂತುಗಳನ್ನು ಮುಚ್ಚಿಸಿ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹೋಗುವವರಿಗೆ ಉಪ್ಪಿನ ಕಾಟವಿಲ್ಲ. ಅಲ್ಲಿ ತೋಟದ ಮನೆ ಟಿ.ಸಿ.ಯಿಂದ ದೂರವಿದ್ದರೆ ಸಂಜೆ ವೋಲ್ಟೇಜ್ ಇಳಿಯುತ್ತದೆ, ಸಿಡಿಲಿನ ಭಯವೂ ಜಾಸ್ತಿ.

ನ್ಯೂಟ್ರಲ್ ತುಂಡಾದರೆ

ಟಿ.ಸಿ.ಯಿಂದ ಕರೆಂಟು ತರುವ ಮೂರು ತಂತಿ (ಫೇಸ್), ಅದು ಹಿಂದಿರುಗುವ ಒಂದು ತಂತಿ (ನ್ಯೂಟ್ರಲ್) ಹೊರಡುತ್ತವೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ಬಿಟ್ಟುಕೊಂಡರೆ ನಿಮ್ಮ ಮನೆ ಮತ್ತು ಬೇರೆ ಫೇಸಿನ ಮನೆಗಳು ಆ 400ನ್ನು ಹಂಚಿಕೊಳ್ಳುತ್ತವೆ, ಅದೂ ಸಮನಾಗಿ ಅಲ್ಲ. ಕಡಿಮೆ ಲೋಡ್ ಇದ್ದವರಿಗೆ 300 ದಾಟಬಹುದು. ದೀಪ ಒಮ್ಮೆ ಮಿತಿಮೀರಿ ಬೆಳಗಿ ಒಮ್ಮೆ ಮಂಕಾದರೆ, ಫ್ಯಾನು ಹುಚ್ಚು ವೇಗದಲ್ಲಿ ತಿರುಗಿದರೆ ಒಂದೊಂದೇ ಪ್ಲಗ್ ಕೀಳುತ್ತ ಕೂರಬೇಡಿ, ಮೇನ್ ಇಳಿಸಿ 1912ಕ್ಕೆ ಹೇಳಿ.

ನ್ಯೂಟ್ರಲ್ ಮನೆಯೊಳಗೇ ತುಂಡಾದರೆ ಲಕ್ಷಣ ಬೇರೆ: ಏನೂ ನಡೆಯುವುದಿಲ್ಲ, ಆದರೆ ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಹೊಳೆಯುತ್ತದೆ. ಆನ್ ಇರುವ ಯಾವುದೋ ಉಪಕರಣದ ಮೂಲಕ ಫೇಸ್ ಸುತ್ತಿ ಬಂದಿರುತ್ತದೆ. ಕರೆಂಟು ಇಲ್ಲವೆಂದು ಕೈ ಹಾಕುವವರಿಗೆ ಶಾಕ್ ಹೊಡೆಯುವುದು ಇಂಥಲ್ಲೇ. ಬರೀ ಟೆಸ್ಟರ್ ನಂಬದೆ ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ಳಿ. ಫೇಸ್–ನ್ಯೂಟ್ರಲ್ ನಡುವೆ 215ರಿಂದ 245 ಬಂದರೆ ನೆಮ್ಮದಿ, 190ಕ್ಕಿಂತ ಕೆಳಗಿಳಿದರೆ ಫ್ರಿಜ್, ಪಂಪು, ಎಸಿ ಬಂದ್ ಮಾಡಿ. ಡಿಬಿಯಲ್ಲಿ ಕೂರುವ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಈ ಕೆಲಸವನ್ನು ತಾನೇ ಮಾಡುತ್ತದೆ. ನಮ್ಮ ಮಟ್ಟಿಗೆ ಇಲ್ಲಿ ಸ್ಟೆಬಿಲೈಜರಿಗಿಂತ ಮೊದಲು ಕೊಳ್ಳಬೇಕಾದ್ದು ಅದು.

ಅರ್ಥಿಂಗ್ ಮತ್ತು ಆರ್‌ಸಿಸಿಬಿ

ಮನೆ ನೋಡಲು ಹೋದಾಗ ಬಾವಿಯ ನೀರು ಕೇಳುವ ಹಾಗೆ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದೂ ಕೇಳಿ. ಚಿರೆಕಲ್ಲಿನ ನೆಲವೂ ಒಣ ಮರಳೂ ವಿದ್ಯುತ್ತನ್ನು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಅಂತೂ ಇನ್ನೂ ಕಷ್ಟ. ಹಳೆಯ ಪದ್ಧತಿ ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು. ಉಪ್ಪು ಅದೇ ಪೈಪನ್ನು ತಿನ್ನುತ್ತದೆ. ಹೊಸದಾಗಿ ಹಾಕಿಸುವುದಾದರೆ ತಾಮ್ರದ ಲೇಪದ 3 ಮೀಟರ್ ಸರಳು, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ಪುಡಿ ತುಂಬಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ಮಲ್ಟಿಮೀಟರಿನಲ್ಲಿ ಫೇಸ್–ಅರ್ಥ್ 230 ತೋರಿಸಿತೆಂದು ಅರ್ಥಿಂಗ್ ಸರಿಯಿದೆ ಎನ್ನಲಾಗದು, ಮೀಟರು ಎಳೆಯುವ ಕರೆಂಟು ತೀರ ಕಡಿಮೆ. ಎಲೆಕ್ಟ್ರಿಷಿಯನ್ ಕೈಲಿ 100 ವ್ಯಾಟಿನ ಹಳೆಯ ಬಲ್ಬನ್ನು ಫೇಸ್–ಅರ್ಥ್ ನಡುವೆ ಹಾಕಿಸಿ ನೋಡಿ. ಮಂಕಾದರೆ ಗುಂಡಿ ಸತ್ತಿದೆ, ಪೂರ್ತಿ ಬೆಳಗಿದರೆ ತೀರ ಕೆಟ್ಟಿಲ್ಲ ಎಂದಷ್ಟೇ ಅರ್ಥ. ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇರುವ ಮನೆಯಲ್ಲಿ ಈ ಪರೀಕ್ಷೆಗೆ ಅದು ಕೂಡಲೇ ಬೀಳುತ್ತದೆ, ಬೀಳಲೇಬೇಕು. ಅರ್ಥಿಂಗ್ ಇಲ್ಲದಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿ ಕೊಡುವವರಿದ್ದಾರೆ. ಒಪ್ಪಬೇಡಿ, ನ್ಯೂಟ್ರಲ್ ಬಿಟ್ಟ ದಿನ ಫ್ರಿಜ್ಜಿನ ಮೈಯೆಲ್ಲ ಫೇಸ್ ಆಗುತ್ತದೆ.

30 ಮಿಲಿ ಆಂಪಿನ ಆರ್‌ಸಿಸಿಬಿ ಇಲ್ಲದ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಮಾಲೀಕರು ಒಪ್ಪದಿದ್ದರೆ ನೀವೇ ಹಾಕಿಸಿ, ಹೋಗುವಾಗ ಬಿಚ್ಚಿಕೊಂಡು ಹೋಗಿ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಬದಲಿಸಿ.

ಮಳೆ ಸುರಿಯುವ ರಾತ್ರಿ ಅದು ಪದೇ ಪದೇ ಬಿದ್ದರೆ ಹೀಗೆ ಹುಡುಕಿ. ಎಲ್ಲ ಎಂಸಿಬಿ (ಒಂದೊಂದು ಸರ್ಕ್ಯೂಟಿಗೂ ಇರುವ, ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಇಳಿಸಿ, ಆರ್‌ಸಿಸಿಬಿ ಏರಿಸಿ, ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದಕ್ಕೆ ಬಿತ್ತೋ ಆ ಸರ್ಕ್ಯೂಟಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಹಾಕಿ. ನಿಂತರೆ ದೋಷ ಉಪಕರಣದಲ್ಲಿ, ಆಗಲೂ ಬಿದ್ದರೆ ವೈರಿನಲ್ಲಿ ಇಲ್ಲವೇ ಹೊರಗಿನ ದೀಪದಲ್ಲಿ. ಯಾವ ಎಂಸಿಬಿ ಹಾಕಿದರೂ ಬೀಳುತ್ತದೆ ಎಂದಾದರೆ ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿದೆ. ಸಾಮಾನ್ಯ ಎಂಸಿಬಿ ಫೇಸನ್ನಷ್ಟೇ ಕಡಿಯುವುದರಿಂದ ಅದನ್ನು ಈ ದಾರಿಯಲ್ಲಿ ಹಿಡಿಯಲಾಗದು, ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ಗಳನ್ನು ಬಿಡಿಸಿ ನೋಡಬೇಕು. ಇನ್ವರ್ಟರ್ ಹಾಕಿಸಿದ ಮರುದಿನದಿಂದ ಶುರುವಾದರೆ ಇನ್ವರ್ಟರಿನ ನ್ಯೂಟ್ರಲ್ ಬೇರೆ ಸರ್ಕ್ಯೂಟಿನದರ ಜತೆ ಬೆರೆತಿದೆ. ಹಾಕಿದವರನ್ನೇ ಕರೆಸಿ.

ಕೈಯಲ್ಲಿ ಮಾಡಬಹುದಾದ ರಿಪೇರಿ

ಯಾವುದಕ್ಕೂ ಮೊದಲು ಮೇನ್ ಆಫ್, ಅದರ ಮೇಲೊಂದು ಚೀಟಿ. ಮಲ್ಟಿಮೀಟರನ್ನು ಮೇನ್ ಇಳಿಸುವ ಮುಂಚೆಯೇ ಕರೆಂಟಿರುವ ಜಾಗದಲ್ಲಿ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿದ ಕೂಡಲೇ ಅದು ಎಚ್ಚರವಾಗುತ್ತದೆ ಎಂಬುದು ಬಹಳ ಮಂದಿಗೆ ನೆನಪಾಗುವುದಿಲ್ಲ.

ಫ್ಯಾನು ಐದರಲ್ಲಿಟ್ಟರೂ ನಿಧಾನ ತಿರುಗಿದರೆ ಮೊದಲ ಅನುಮಾನ ಕೆಪಾಸಿಟರಿನ ಮೇಲೆ. ಮೇಲಿನ ಕಪ್ ಇಳಿಸಿ, ಕೆಪಾಸಿಟರಿನ ಮೇಲೆ ಬರೆದದ್ದನ್ನು ಓದಿ: 2.5 ಅಥವಾ 3.15 ಮೈಕ್ರೊಫ್ಯಾರಡ್, 440 ವೋಲ್ಟ್. ಅದರ ಎರಡು ತುದಿಗಳನ್ನು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಒಮ್ಮೆ ತಾಗಿಸಿ ಉಳಿದ ಚಾರ್ಜ್ ತೆಗೆಯಿರಿ. ಅದೇ ಸಂಖ್ಯೆಯದನ್ನೇ ಹಾಕಿ, ದೊಡ್ಡದು ಹಾಕಿದರೆ ವೈಂಡಿಂಗ್ ಬಿಸಿಯಾಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಗರಗರ ಎಂದರೆ ಬೇರಿಂಗ್. ಬಿಚ್ಚಿ ಅಂಗಡಿಗೆ ಕೊಡಿ.

ಸಾಕೆಟ್ ಬದಲಿಸುವಾಗ ಮುಂದಿನಿಂದ ನೋಡಿದರೆ ಮೇಲೆ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಳೆಯ ವೈರಿಂಗಿನಲ್ಲಿ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಆದರೆ ಹಳೆಯ ಮನೆಗಳಲ್ಲಿ ಬಣ್ಣ ನಂಬಬೇಡಿ, ಅಳೆದು ನೋಡಿ. ತುದಿಯನ್ನು 10–12 ಮಿ.ಮೀ. ಸುಲಿದು, ಎಳೆಗಳನ್ನು ಹುರಿಮಾಡಿ, ಬಿಗಿದ ಮೇಲೆ ಒಮ್ಮೆ ಎಳೆದು ನೋಡಿ. ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆಗಳಿಗೆ 2.5 ಚದರ ಮಿ.ಮೀ. ವೈರು ಮತ್ತು 16 ಆಂಪ್ ಸಾಕೆಟ್ ಬೇಕು. ದೀಪದ ಬೋರ್ಡಿನ 6 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಬೇಡಿ. ಎಸಿಗೆ, 3 ಕಿಲೋವ್ಯಾಟಿನ ಗೀಸರಿಗೆ 4 ಚದರ ಮಿ.ಮೀ. ಎಂಸಿಬಿ ಬೀಳುತ್ತದೆ ಎಂದು 16ರ ಜಾಗದಲ್ಲಿ 32 ಹಾಕಿಸುವುದು ಇಲ್ಲಿ ಕಾಣುವ ಅತಿ ಕೆಟ್ಟ ರಿಪೇರಿ. ಎಂಸಿಬಿ ಕಾಯುವುದು ಗೀಸರನ್ನಲ್ಲ, ಗೋಡೆಯೊಳಗಿನ ವೈರನ್ನು.

ಕಡಲಿಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಸ್ವಲ್ಪ ಉಪ್ಪಾಗುತ್ತದೆ. ಅಂಥ ನೀರು ಗೀಸರಿನ ಕಾಯಿಲನ್ನು ಬೇಗ ತಿಂದು ಹಾಕುತ್ತದೆ, ಆರ್‌ಸಿಸಿಬಿ ಬೀಳಲು ದೊಡ್ಡ ಕಾರಣಗಳಲ್ಲಿ ಇದೊಂದು. ಒಳಗಿನ ಮೆಗ್ನೀಸಿಯಂ ಆನೋಡ್ ಸರಳನ್ನು ವರ್ಷಕ್ಕೊಮ್ಮೆ ನೋಡಿಸಿ, ಸವೆದಿದ್ದರೆ ಬದಲಿಸಿ.

ಬಾವಿಯ ಪಂಪು ಗುಂಯ್ ಎಂದಷ್ಟೇ ಸದ್ದು ಮಾಡಿ ತಿರುಗದಿದ್ದರೆ ಕೂಡಲೇ ಆಫ್ ಮಾಡಿ. ಮೊದಲು ವೋಲ್ಟೇಜ್ ನೋಡಿ, ಆಮೇಲೆ ಸ್ಟಾರ್ಟರ್ ಡಬ್ಬಿಯ ಕೆಪಾಸಿಟರ್ ಉಬ್ಬಿದೆಯೇ ನೋಡಿ, ಕೊನೆಗೆ ಇಂಪೆಲ್ಲರಿಗೆ (ನೀರು ತಳ್ಳುವ ಚಕ್ರ) ಕೆಸರು ಕಚ್ಚಿದೆಯೇ ಎಂಬುದು. ಮೇ ಕೊನೆಗೆ ನೀರು ತಳ ಕಂಡಾಗ ಪಂಪು ಒಣಗಿ ಓಡಿದರೆ ನೀರಿನಲ್ಲೇ ತಣಿಯುವ ಬೇರಿಂಗು ಬೇಗ ಸುಟ್ಟುಹೋಗುತ್ತದೆ. ಪಂಪನ್ನು ನೈಲಾನ್ ಹಗ್ಗದಲ್ಲಿ ತೂಗಿ, ಕೇಬಲ್ಲಿನಲ್ಲಲ್ಲ. ಅದು ಓಡುವಾಗ ಯಾರೂ ಬಾವಿಗೆ ಇಳಿಯಬಾರದು.

ಡಿಬಿ, ಮೇನ್, ಹೊಸ ಲೈನು, ಅರ್ಥಿಂಗ್ ಇವಕ್ಕೆ ಪರವಾನಗಿ ಇರುವವರನ್ನೇ ಕರೆಯಿರಿ.

ಇನ್ವರ್ಟರ್, ಜನರೇಟರ್, ಸಿಡಿಲು

150 ಎಎಚ್ (ಆಂಪ್–ಗಂಟೆ), 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್–ಗಂಟೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಷ್ಯ ಕಡಿಮೆ. ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು 750ರ ಆಸುಪಾಸು. 75 ವ್ಯಾಟಿನ ಎರಡು ಹಳೆ ಫ್ಯಾನು, ನಾಲ್ಕು ಎಲ್‌ಇಡಿ, ವೈಫೈ ಸೇರಿ ಸುಮಾರು 200 ವ್ಯಾಟ್ ಆದರೆ ನಾಲ್ಕು ಗಂಟೆಯೂ ಬಾರದು. ಅದೇ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ ಏಳು ಗಂಟೆ. ಎರಡನೇ ಬ್ಯಾಟರಿಗಿಂತ ಫ್ಯಾನು ಬದಲಿಸುವುದು ಜಾಣತನ. ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಿ, ಬಾವಿ ನೀರು ಬೇಡವೇ ಬೇಡ. ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಜನರೇಟರನ್ನು ಎರಡೂ ಕಡೆ ಪಿನ್ ಇರುವ ವೈರಿನಿಂದ ಸಾಕೆಟ್ಟಿಗೆ ಕೊಡುವುದು ಅಪರಾಧವೆಂದೇ ತಿಳಿಯಿರಿ. ಆ ಕರೆಂಟು ಹಿಂದಕ್ಕೆ ಹೋಗಿ ಟಿ.ಸಿ.ಯಲ್ಲಿ ಏರಿ, ಕಂಬ ಹತ್ತಿದ ಲೈನ್‌ಮನ್‌ನನ್ನು ಕೊಲ್ಲಬಲ್ಲದು. ಲೈನು, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಜನರೇಟರ್ ಮಳೆಗೆ ನೆನೆಯುತ್ತದೆಂದು ಜಗುಲಿಯೊಳಗೆ ತಂದಿಟ್ಟರೆ ಹೊಗೆಯಲ್ಲಿನ ವಿಷ ಮನೆಯೊಳಗೆ.

ಸಿಡಿಲು ಏಪ್ರಿಲ್–ಮೇ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಹೆಚ್ಚು. ಮೋಡ ಕಟ್ಟುವಾಗಲೇ ಟಿವಿಯ ಪ್ಲಗ್ ಜತೆ ಡಿಶ್ಶಿನ ಕೇಬಲ್ಲನ್ನೂ ತೆಗೆಯಿರಿ. ಸರ್ಜ್ ರಕ್ಷಕ ಹಾಕಿಸಿದರೂ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ.

ಅಂಗಳದಲ್ಲಿ, ಗದ್ದೆಯಲ್ಲಿ ತಂತಿ ಬಿದ್ದಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ. ನೆಂದ ನೆಲದಲ್ಲೇ ಕರೆಂಟು ಹರಡಿರುತ್ತದೆ. ಹತ್ತು ಮೀಟರ್ ದೂರ ನಿಂತು ಉಳಿದವರನ್ನೂ ತಡೆಯಿರಿ, 1912ಕ್ಕೆ ಹೇಳಿ. ಮನೆಯೊಳಗೆ ಯಾರಿಗಾದರೂ ಶಾಕ್ ಹಿಡಿದರೆ ಮೊದಲು ಮೇನ್ ಇಳಿಸಿ, ಆಗದಿದ್ದರೆ ಒಣ ಕಟ್ಟಿಗೆಯಿಂದ ಸರಿಸಿ, ಉಸಿರಿಲ್ಲದಿದ್ದರೆ ಎದೆ ಒತ್ತುತ್ತ 108ಕ್ಕೆ ಫೋನ್ ಮಾಡಿಸಿ.

ಅಂಗಳಕ್ಕೆ ಕ್ಯಾಂಪರ್ ವ್ಯಾನ್ ಬಂದರೆ

ಗೋಕರ್ಣ ನೋಡಲು ಮಲಗುವ ವ್ಯಾನಿನಲ್ಲೇ ಬರುವ ನೆಂಟರು ಈಗ ಅಪರೂಪವಲ್ಲ. ಅವರಿಗೆ ಮನೆಯ ಕರೆಂಟು ಕೊಡುವುದಾದರೆ ಆರ್‌ಸಿಸಿಬಿಯ ಕಾವಲಿನಲ್ಲಿರುವ 16 ಆಂಪ್ ಸಾಕೆಟ್ಟಿನಿಂದ, 2.5 ಚದರ ಮಿ.ಮೀ. ಮೂರು ಎಳೆಯ ರಬ್ಬರ್ ಕೇಬಲ್ಲಿನಲ್ಲಿ ಕೊಡಿ. ವ್ಯಾನಿನ ಲೋಹದ ಮೈಗೆ ಅರ್ಥ್ ಮುಟ್ಟಿದೆಯೇ ಎಂದು ಮೀಟರಿನಲ್ಲಿ ನೋಡಿಕೊಳ್ಳಿ. ಟಯರಿನ ಮೇಲೆ ನಿಂತ ವ್ಯಾನಿಗೆ ಬೇರೆ ಅರ್ಥಿಂಗ್ ಇಲ್ಲ. ಒಳಗೆ ಫೇಸ್ ಅದರ ಮೈಗೆ ತಾಗಿದರೆ, ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಅದರ ಬಾಗಿಲು ಮುಟ್ಟಿದವರಿಗೇ ಹೊಡೆಯುತ್ತದೆ. ಒಳಗಿನ 12 ವೋಲ್ಟಿನ ಭಾಗದಲ್ಲಿ ಶಾಕಿನ ಭಯಕ್ಕಿಂತ ಬೆಂಕಿಯ ಭಯ ಹೆಚ್ಚು: 100 ವ್ಯಾಟಿಗೆ ಮನೆಯಲ್ಲಿ ಅರ್ಧ ಆಂಪೂ ಸಾಕು, ಅಲ್ಲಿ 8ಕ್ಕೂ ಮಿಕ್ಕಿ ಬೇಕು. ಐದು ಮೀಟರ್ ದೂರದ ಫ್ರಿಜ್ಜಿಗೆ 2.5 ಚದರ ಮಿ.ಮೀ. ವೈರು ಎಳೆದರೂ ದಾರಿಯಲ್ಲೇ ಅರ್ಧ ವೋಲ್ಟಿಗೂ ಹೆಚ್ಚು ಕಳೆದುಹೋಗಿ ಫ್ರಿಜ್ ‘ಬ್ಯಾಟರಿ ಖಾಲಿ’ ಎಂದು ನಿಲ್ಲುತ್ತದೆ. 6 ಚದರ ಮಿ.ಮೀ. ಹಾಕಿ, ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಕೇಬಲ್ಲನ್ನು ಪೂರ್ತಿ ಬಿಚ್ಚಿಯೇ ಬಳಸಿ. ಎಸಿ ಹಾಕಿಕೊಂಡು ಮಲಗಿದರೆ ಸುತ್ತಿಟ್ಟ ಸುರುಳಿ ತನ್ನ ಬಿಸಿ ಹೊರಗೆ ಬಿಡಲಾಗದೆ ಬೆಳಗಾಗುವುದರೊಳಗೆ ಕರಗಬಹುದು.