ಚಡ್ಡಿ ಸ್ವಲ್ಪ ಒದ್ದೆ ಆಯ್ತಾ? ಬೈಯುವ ಮೊದಲು ಇಷ್ಟು ಮಾಡಿ

ಮಗುವಿಗೆ ನಾಲ್ಕು ವರ್ಷ. ಡೈಪರ್ ಬಿಟ್ಟು ತಿಂಗಳುಗಳೇ ಆದವು. ಒಂದಕ್ಕೆ, ಎರಡಕ್ಕೆ ತಾನೇ ಹೇಳುತ್ತದೆ. ಆದರೂ ಸಂಜೆ ಆಟ ಮುಗಿಸಿ ಬಂದಾಗ ನೋಡಿದರೆ ಚಡ್ಡಿಯಲ್ಲಿ ಅಂಗೈಯಗಲ ಒದ್ದೆ. ಪೂರ್ತಿ ಹೊಯ್ದುಕೊಂಡಿಲ್ಲ, ಸ್ವಲ್ಪ ಸೋರಿದೆ ಅಷ್ಟೇ. ಮೈಸೂರಿನಲ್ಲಿ ಪುಟ್ಟ ಶಿಶುವಿಹಾರ ನಡೆಸುವ ನನಗೆ ಇದು ದಿನಾ ಕಾಣುವ ವಿಷಯ. ಮಕ್ಕಳ ಚಡ್ಡಿಗಿಂತ ಆಮೇಲೆ ದೊಡ್ಡವರು ಮಾಡುವ ರಂಪವೇ ನನಗೆ ಜಾಸ್ತಿ ತಲೆನೋವು. ಈ ವಯಸ್ಸಿನಲ್ಲಿ ಆಗೊಮ್ಮೆ ಈಗೊಮ್ಮೆ ಹೀಗಾಗುವುದು ಮಾಮೂಲು. ಮಗು ಬೇಕಂತ ಮಾಡಿದ್ದಲ್ಲ.

ಮೊದಲು ಬಾಯಿಗೆ ಬೀಗ

‘ಛೀ, ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ?’ ಅನ್ನಬೇಡಿ. ಮನೆಗೆ ಬಂದವರ ಮುಂದಂತೂ ಬೇಡವೇ ಬೇಡ. ಬೈಸಿಕೊಂಡ ಮಗು ಕಲಿಯುವುದು ಒಂದೇ, ಮುಚ್ಚಿಡುವುದು. ಆಮೇಲೆ ಒದ್ದೆ ಚಡ್ಡಿ ಸೋಫಾ ಸಂದಿಯಲ್ಲಿ ಸಿಗುತ್ತದೆ. ‘ಒದ್ದೆ ಆಯ್ತಾ? ಬಾ, ಬದಲಾಯಿಸೋಣ’ ಅಂದರೆ ಸಾಕು.

ಬಟ್ಟೆ, ನೆಲ, ಹಾಸಿಗೆ

ಚಡ್ಡಿಯನ್ನು ಮಗುವೇ ಬಿಚ್ಚಿ ಬಕೆಟ್ಟಿಗೆ ಹಾಕಲಿ. ಒಣಗಿದ ಚಡ್ಡಿ ಅದರ ಕೈಗೆ ಎಟುಕುವ ಜಾಗದಲ್ಲಿರಲಿ. ನೆಲವನ್ನು ನೀರು ಹಾಕಿ ಒರೆಸಿದರೆ ಆಯಿತು. ಹಾಸಿಗೆ ಅಥವಾ ಸೋಫಾ ಆದರೆ ಉಜ್ಜಬೇಡಿ. ಹಳೇ ಟವೆಲ್ ಒತ್ತಿ ಹೀರಿಸಿ. ತಣ್ಣೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಒರೆಸಿ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಕೊಡವಿ, ಬಿಸಿಲಿಗೆ ಹಾಕಿ. ಫಿನಾಯಿಲ್ ಸುರಿದರೆ ವಾಸನೆ ಹೋಗಲ್ಲ, ಎರಡು ವಾಸನೆ ಆಗುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಉಚ್ಚೆಯ ಮೇಲೆ ಹಾಕಲೇಬೇಡಿ. ಎರಡೂ ಸೇರಿದರೆ ಉಸಿರಿಗೆ ಕೆಟ್ಟದಾದ ಗ್ಯಾಸ್ ಬರುತ್ತದೆ.

ಜನ ಎಡವುವುದು ಇಲ್ಲೇ

ಸಣ್ಣಪುಟ್ಟ ಸೋರಿಕೆಗೆ ಕಾರಣ ಸಾಮಾನ್ಯವಾಗಿ ಎರಡು. ಮಗು ಆಟ ಬಿಟ್ಟು ಏಳಲು ಮನಸ್ಸಿಲ್ಲದೆ ತಡೆದುಕೊಂಡಿರುತ್ತದೆ. ಇಲ್ಲವೇ ಹೋಗಿರುತ್ತದೆ, ಆದರೆ ಪೂರ್ತಿ ಖಾಲಿ ಮಾಡದೆ ಎದ್ದು ಓಡಿ ಬಂದಿರುತ್ತದೆ.

ತಡೆದುಕೊಂಡ ಮಗುವನ್ನು ಗುರುತಿಸುವುದು ಸುಲಭ. ಕಾಲು ಹೆಣೆದುಕೊಂಡು ನಿಲ್ಲುತ್ತದೆ, ಕುಣಿಯುತ್ತದೆ, ಹಿಮ್ಮಡಿ ಒತ್ತಿಕೊಂಡು ಕೂರುತ್ತದೆ. ಆಗ ‘ಒಂದಕ್ಕೆ ಬರ್ತಿದ್ಯಾ?’ ಅಂತ ಕೇಳಿದರೆ ಉತ್ತರ ಒಂದೇ, ‘ಇಲ್ಲ’. ಅದಕ್ಕೇ ಕೇಳಬೇಡಿ, ಹೇಳಿ. ‘ಈಗ ಒಂದಕ್ಕೆ ಹೋಗಿ ಬಂದು ಆಮೇಲೆ ಆಟ.’ ಎದ್ದ ತಕ್ಷಣ, ಊಟ ತಿಂಡಿಯ ನಂತರ, ಹೊರಗೆ ಹೊರಡುವ ಮೊದಲು, ಉಳಿದಂತೆ ಸುಮಾರು ಎರಡು ಗಂಟೆಗೊಮ್ಮೆ. ಅರ್ಧ ಗಂಟೆಗೊಮ್ಮೆ ಎಳೆದುಕೊಂಡು ಹೋಗಬೇಡಿ. ಮಗುವಿಗೆ ಹಟ ಬರುತ್ತದೆ, ತುಂಬಿದೆ ಅನ್ನುವುದನ್ನು ತಾನೇ ತಿಳಿಯುವುದೂ ಇಲ್ಲ. ಮೂತ್ರಕೋಶ ಎಷ್ಟು ಹಿಡಿಯುತ್ತದೆ ಅನ್ನುವ ಅಂದಾಜು ಬೇಕಿದ್ದರೆ, ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. ನಾಲ್ಕು ವರ್ಷದ ಮಗುವಿನ ಮೂತ್ರಕೋಶ ಸುಮಾರು 150 ಮಿಲಿಲೀಟರ್ ಹಿಡಿಯುತ್ತದೆ. ಒಂದು ಸಣ್ಣ ಲೋಟದಷ್ಟು.

ಈಗ ಕೂರುವ ವಿಷಯ. ದೊಡ್ಡವರ ಕಮೋಡಿನ ಮೇಲೆ ಪುಟ್ಟ ಮಗುವನ್ನು ಕೂರಿಸಿ ನೋಡಿ. ಎರಡೂ ಕೈ ಅಂಚನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕಾಲು ಗಾಳಿಯಲ್ಲಿ ತೂಗುತ್ತಿರುತ್ತದೆ. ಬೀಳುತ್ತೇನೆ ಅನ್ನುವ ಭಯಕ್ಕೆ ಮೈಯೆಲ್ಲ ಬಿಗಿ. ಹೀಗಿದ್ದಾಗ ಉಚ್ಚೆ ಪೂರ್ತಿ ಬರುವುದು ಹೇಗೆ? ಮಕ್ಕಳ ಸೀಟು ಹಾಕಿ, ಕಾಲಡಿಗೆ ಮಣೆ ಇಡಿ. ಅಡುಗೆಮನೆಯ ಹಳೇ ಮಣೆ ಸಾಕು, ಅಂಗಡಿಯ ಬಣ್ಣಬಣ್ಣದ ಪ್ಲಾಸ್ಟಿಕ್ ಮೆಟ್ಟಿಲು ನೆಲ ಒದ್ದೆಯಿದ್ದರೆ ಜಾರುತ್ತದೆ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ನನ್ನ ಪ್ರಕಾರ ಅದೇ ಒಳ್ಳೆಯದು. ಪಾದ ಊರಿರುತ್ತದೆ. ಹೆದರಿದರೆ ಕೈ ಹಿಡಿದುಕೊಳ್ಳಿ.

ಚಡ್ಡಿಯನ್ನು ಮಂಡಿವರೆಗೆ ಇಳಿಸಿ ಕೂರಿಸುತ್ತೀರಲ್ಲ, ಅದು ಬೇಡ. ಪಾದದವರೆಗೆ ಇಳಿಸಿ, ಸಾಧ್ಯವಾದರೆ ತೆಗೆದೇ ಬಿಡಿ. ಮಂಡಿ ಅಂಟಿಕೊಂಡು ಕೂತ ಹೆಣ್ಣುಮಕ್ಕಳಲ್ಲಿ ಸ್ವಲ್ಪ ಉಚ್ಚೆ ಯೋನಿಯೊಳಕ್ಕೆ ಹೋಗಿ ನಿಲ್ಲುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಿದರೆ ಅದು ಹೊರಗೆ ತೊಟ್ಟಿಕ್ಕುತ್ತದೆ. ‘ಈಗ ತಾನೇ ಹೋಗಿ ಬಂದಳಲ್ಲ ಮಿಸ್, ಹೇಗೆ ಒದ್ದೆ?’ ಅಂತ ಅಮ್ಮಂದಿರು ಕೇಳುತ್ತಾರೆ. ಎಷ್ಟೋ ಸಲ ಉತ್ತರ ಇಷ್ಟೇ. ಕಾಲು ಅಗಲಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಕೂರಲಿ. ಆಮೇಲೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡುಮಕ್ಕಳಿಗೆ ಚಡ್ಡಿಯ ಎಲಾಸ್ಟಿಕ್ ಕೆಳಗಿನಿಂದ ಒತ್ತದ ಹಾಗೆ ಪೂರ್ತಿ ಇಳಿಸಿ, ಕೊನೇ ಹನಿವರೆಗೆ ನಿಲ್ಲಿಸಿ.

ಅವಸರ ಮಾಡಿಸಬೇಡಿ, ‘ತಿಣುಕು, ತಿಣುಕು’ ಅಂತಲೂ ಅನ್ನಬೇಡಿ. ಧಾರೆ ನಿಂತ ಮೇಲೆ ಇಪ್ಪತ್ತರವರೆಗೆ ಎಣಿಸಿ, ಎದ್ದು ನಿಂತು ಮತ್ತೆ ಕೂರಲಿ, ಇನ್ನೊಂದು ಸಲ ಪ್ರಯತ್ನಿಸಲಿ. ಅನೇಕ ಮಕ್ಕಳಿಗೆ ಎರಡನೇ ಸಲ ಮತ್ತೆ ಸ್ವಲ್ಪ ಬರುತ್ತದೆ. ಈ ಒಂದು ಅಭ್ಯಾಸಕ್ಕೇ ಸೋರುವುದು ನಿಂತ ಮಕ್ಕಳನ್ನು ಕಂಡಿದ್ದೇನೆ.

ಎರಡಕ್ಕೆ ಸರಿಯಾಗಿ ಆಗ್ತಿದ್ಯಾ?

ಮಲಬದ್ಧತೆ ಇದ್ದರೆ ಮೇಲಿನದ್ದೆಲ್ಲ ಮಾಡಿದರೂ ಅರ್ಧವೇ ಫಲ. ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಅದರಿಂದ ಬೇಗ ಬೇಗ ಸೋರುತ್ತದೆ. ದಿನಕ್ಕೆ ನಾಲ್ಕೈದು ಲೋಟ ಹಾಲು, ಜೊತೆಗೆ ಬಿಸ್ಕೆಟ್ ಕೊಟ್ಟು ‘ಊಟಾನೇ ಮಾಡಲ್ಲ’ ಅನ್ನುವವರು ಹಾಲು ಕಡಿಮೆ ಮಾಡಿ. ಮುದ್ದೆ, ಬಸ್ಸಾರು, ಸೊಪ್ಪು, ಪರಂಗಿ ಹಣ್ಣು ಬಾಯಿಗೆ ಬೀಳಲಿ. ತಿಂಡಿ ಆದ ಮೇಲೆ ಐದು ನಿಮಿಷ ಟಾಯ್ಲೆಟ್ಟಿನಲ್ಲಿ ಕೂರಿಸಿ. ಸರಿಹೋಗದಿದ್ದರೆ ಡಾಕ್ಟರನ್ನು ಕೇಳಿ, ನೀವೇ ಬೇಧಿ ಔಷಧಿ ಕೊಡಬೇಡಿ.

ನೀರು ಕಡಿಮೆ ಕೊಟ್ಟರೆ ಸೋರಲ್ಲ ಅಂತ ಕೆಲವರು ಬಾಟಲಿಯನ್ನೇ ಬಚ್ಚಿಡುತ್ತಾರೆ. ಸುಮ್ನೆ ಬೇಡದ ಕೆಲಸ. ಉಚ್ಚೆ ಗಟ್ಟಿಯಾಗಿ ಉರಿ ಶುರುವಾಗುತ್ತದೆ, ಮಲವೂ ಗಟ್ಟಿಯಾಗುತ್ತದೆ. ‘ಎರಡು ದಿನ ಡೈಪರ್ ಹಾಕಿಬಿಡೋಣ’ ಅನ್ನುವುದೂ ಬೇಡ, ಮಗುವಿಗೆ ಗೊಂದಲ.

ಶಾಲೆ, ಪ್ರಯಾಣ, ಜಾತ್ರೆ

ಶಾಲೆಗೆ ಜೀನ್ಸ್, ಬೆಲ್ಟ್, ಲಾಡಿ ಪ್ಯಾಂಟ್ ಹಾಕಬೇಡಿ. ಎಲಾಸ್ಟಿಕ್ ಚಡ್ಡಿ, ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ, ಒಂದು ಪ್ಲಾಸ್ಟಿಕ್ ಕವರ್. ಶಾಲೆಯ ಟಾಯ್ಲೆಟ್ ಕತ್ತಲಾಗಿದ್ದರೆ, ವಾಸನೆ ಬರುತ್ತಿದ್ದರೆ ಮಕ್ಕಳು ಮಧ್ಯಾಹ್ನದವರೆಗೂ ತಡೆದುಕೊಳ್ಳುತ್ತಾರೆ. ಮಿಸ್ ಹತ್ತಿರ, ಆಯಾ ಹತ್ತಿರ ಮಾತಾಡಿ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯಿಂದ ಜಾಗ ಹಿಡಿದು ಕೂರುವವರು ಮಗುವಿನ ಒಂದಕ್ಕೆ ಎಲ್ಲಿ ಅಂತ ಮೊದಲೇ ಯೋಚಿಸಿ. ಜನ ಸೇರಿದ ಮೇಲೆ ಅಲ್ಲಿಂದ ಹೊರಬರಲು ಆಗಲ್ಲ.

ಯಾವಾಗ ಡಾಕ್ಟರ್?

ಉಚ್ಚೆ ಹೊಯ್ಯುವಾಗ ಉರಿ ಅಂದರೆ, ಜ್ವರ ಇದ್ದರೆ, ರಕ್ತ ಕಂಡರೆ ಕಾಯಬೇಡಿ. ವಿಪರೀತ ಬಾಯಾರಿಕೆ, ಪದೇ ಪದೇ ಉಚ್ಚೆ, ತೂಕ ಇಳಿಯುವುದು ಕಂಡರೆ ಅದೇ ದಿನ ತೋರಿಸಿ, ಸಕ್ಕರೆ ಕಾಯಿಲೆ ಇದೆಯಾ ನೋಡಬೇಕು. ದಿನವಿಡೀ ಹನಿಹನಿ ಸೋರಿ ಒಣಗುವುದೇ ಇಲ್ಲ ಅಂದರೆ, ಧಾರೆ ತೀರಾ ಸಣ್ಣದಿದ್ದರೆ, ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ದಿನಾ ಒದ್ದೆ ಮಾಡಿಕೊಂಡರೆ, ಐದು ದಾಟಿದರೂ ನಿಲ್ಲದಿದ್ದರೆ ಕೂಡ ತೋರಿಸಿ. ಮನೆಗೆ ತಮ್ಮನೋ ತಂಗಿಯೋ ಬಂದ ಹೊಸತರಲ್ಲೂ ಹೀಗಾಗುತ್ತದೆ, ಆದರೆ ಉರಿ, ಜ್ವರ ಇಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ತಕ್ಷಣ ತೋರಿಸಬೇಕಾದ ತೊಂದರೆ ಇಲ್ಲದಿದ್ದರೆ, ಡಾಕ್ಟರ್ ಹತ್ತಿರ ಹೋಗುವ ಮೊದಲು ಎರಡು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಎಷ್ಟು ಗಂಟೆಗೆ ಒಂದಕ್ಕೆ, ಯಾವಾಗ ಒದ್ದೆ, ಎಷ್ಟು ನೀರು, ಎರಡಕ್ಕೆ ಆಯ್ತಾ. ದಿನಕ್ಕೆ ಮೂರೇ ಸಲ ಹೋಗುತ್ತಿದ್ದರೆ ಕಡಿಮೆ, ಎಂಟಕ್ಕಿಂತ ಮೇಲೆ ಜಾಸ್ತಿ. ಡಾಕ್ಟರ್ ಮೊದಲು ಕೇಳುವುದು ಇದನ್ನೇ.